ಸುನಿಲ್ ಜೋಶಿ ಆಲ್‌ರೌಂಡರೋ, ಬ್ಯಾಟ್ ಬೀಸಬಲ್ಲ ಬೌಲರೋ?

ಶಿರಸಿಯ ತೋಟಿಗ ಕೇಳಿದ್ದು:

ನನ್ನ ಮಗನಿಗೆ ಹದಿನಾಲ್ಕು ವರ್ಷ. ಎಡಗೈ ಸ್ಪಿನ್ ಹಾಕುತ್ತಾನೆ, ಬ್ಯಾಟಿಂಗೂ ಎಡಗೈಯದೇ. ಕಳೆದ ತಿಂಗಳು ಅವನನ್ನು ಒಂದು ಆಯ್ಕೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ತುಂಬಲು ಕೊಟ್ಟ ಅರ್ಜಿಯಲ್ಲಿ ಬ್ಯಾಟಿಂಗ್, ಬೌಲಿಂಗ್, ವಿಕೆಟ್ ಕೀಪಿಂಗ್ ಎಂದು ಮೂರು ಚೌಕಗಳಿದ್ದು, ಒಂದಕ್ಕೆ ಮಾತ್ರ ಗುರುತು ಹಾಕಬೇಕೆಂದು ಕೆಳಗೆ ಬರೆದಿತ್ತು. ಮಾಣಿ ಮೊದಲೆರಡಕ್ಕೂ ಗುರುತು ಹಾಕಿದ. ಮೇಜಿನ ಹಿಂದೆ ಕುಳಿತವರು ಬ್ಯಾಟಿಂಗಿನ ಚೌಕದ ಮೇಲೆ ಗೀಟೆಳೆದು, ಬೌಲರ್‌ಗಳ ಸಾಲಿಗೆ ಹೋಗೆಂದರು. ಸಂಜೆಯವರೆಗೂ ಪ್ಯಾಡುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ ಅವನಿಗೆ ಅಂದು ಒಂದು ಚೆಂಡನ್ನೂ ಎದುರಿಸುವ ಅವಕಾಶ ಸಿಗಲಿಲ್ಲ.

ಊರಿನಲ್ಲಿ ಅವನಿಗೆ ಕಲಿಸುವವರ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ: ಹದಿನಾರರವರೆಗೆ ಬೌಲಿಂಗನ್ನಷ್ಟೇ ಹಿಡಿದುಕೊಳ್ಳಲಿ, ಎರಡು ದೋಣಿಯಲ್ಲಿ ಕಾಲಿಡುವುದು ಬೇಡ. ಇಂಥ ಮಾತು ಬಂದಾಗಲೆಲ್ಲ ನಾನು ಭಾರತ ತಂಡಕ್ಕೆ ಆಡಿದ ಗದಗಿನ ಸುನಿಲ್ ಜೋಶಿಯವರ ಉದಾಹರಣೆ ಕೊಡುತ್ತ ಬಂದಿದ್ದೇನೆ. ಅವರೂ ಎಡಗೈ ಸ್ಪಿನ್ನರ್, ಅವರೂ ಎಡಗೈ ಬ್ಯಾಟ್ಸ್‌ಮನ್, ಅವರೂ ದೊಡ್ಡ ನಗರದಲ್ಲಿ ಹುಟ್ಟಿ ಬೆಳೆದವರಲ್ಲ. ಆದರೆ ನನ್ನ ಉದಾಹರಣೆ ಎಷ್ಟು ಗಟ್ಟಿ ಎಂದು ಈಗ ನನಗೇ ಅನುಮಾನ ಹತ್ತಿದೆ. ಅವರು ನಿಜಕ್ಕೂ ಆಲ್‌ರೌಂಡರ್ ಆಗಿದ್ದರೇ, ಅಥವಾ ಅಗತ್ಯ ಬಿದ್ದಾಗ ಬ್ಯಾಟ್ ಬೀಸುತ್ತಿದ್ದ ಬೌಲರ್ ಮಾತ್ರವೇ? ಆ ಕಾಲದ ಆಟವನ್ನು ಗಮನವಿಟ್ಟು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾರವಾರದ ಹಳೆಯ ಸ್ಕೋರರ್:

ತೋಟಿಗರೇ, ಮಾಲಾದೇವಿ ಮೈದಾನದಲ್ಲಿ ಸುಮಾರು ಇಪ್ಪತ್ತು ವರ್ಷ ಸ್ಕೋರ್ ಪುಸ್ತಕ ಬರೆದವನು ನಾನು. ಹಾಗಾಗಿ ಮೊದಲು ಅಂಕಿಗಳನ್ನು ಮುಂದಿಡುತ್ತೇನೆ, ಅಭಿಮಾನದ ಮಾತು ಆಮೇಲೆ ಬರಲಿ.

ಜೋಶಿ 1996ರಿಂದ 2000ದವರೆಗೆ 15 ಟೆಸ್ಟ್ ಆಡಿ 41 ವಿಕೆಟ್ ಪಡೆದರು, 352 ರನ್ ಗಳಿಸಿದರು. ಏಕದಿನ ಪಂದ್ಯಗಳ ಲೆಕ್ಕ ನೆನಪಿಡಲು ಸುಲಭ: 69 ಪಂದ್ಯ, 69 ವಿಕೆಟ್. ಒಬ್ಬ ಆಟಗಾರನನ್ನು ಆಲ್‌ರೌಂಡರ್ ಎನ್ನಬಹುದೇ ಎಂದು ನೋಡಲು ನಾವು ಬಳಸುವ ಒರಟು ಅಳತೆಯೊಂದಿದೆ. ಅವನ ಬ್ಯಾಟಿಂಗ್ ಸರಾಸರಿ (ಒಮ್ಮೆ ಔಟಾಗುವುದರೊಳಗೆ ಗಳಿಸುವ ರನ್) ಬೌಲಿಂಗ್ ಸರಾಸರಿಗಿಂತ (ಒಂದು ವಿಕೆಟ್ಟಿಗೆ ಕೊಡುವ ರನ್) ಮೇಲಿರಬೇಕು. ಟೆಸ್ಟಿನಲ್ಲಿ ಕಪಿಲ್ ದೇವ್ 31 ಮತ್ತು 29ರ ಆಸುಪಾಸಿನಲ್ಲಿ ನಿಂತು ಕೂದಲೆಳೆಯಷ್ಟರಲ್ಲಿ ಈ ಅಳತೆ ದಾಟುತ್ತಾರೆ, ರವೀಂದ್ರ ಜಡೇಜ ಬಹಳ ಸಲೀಸಾಗಿ ದಾಟುತ್ತಾರೆ. ಜೋಶಿಯವರ ಬ್ಯಾಟಿಂಗ್ ಸರಾಸರಿ 20ರ ಮೇಲೆ ಸ್ವಲ್ಪವೇ ಇದ್ದು, ಬೌಲಿಂಗ್ ಸರಾಸರಿ 35ನ್ನೂ ಮೀರಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅವರು ಬೌಲರ್. ಬ್ಯಾಟಿಂಗ್ ಅವರ ಜೊತೆಗಿದ್ದ ಬುತ್ತಿ.

ಆದರೆ ರಣಜಿಯ ಪುಟ ತೆರೆದರೆ ನನ್ನ ಈ ಮಾತು ನನಗೇ ತಿರುಗಿ ಬೀಳುತ್ತದೆ. 1995-96ರ ಒಂದೇ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್ ಗಳಿಸಿ, 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಈ ಜೋಡಿ ಸಾಧನೆ ಎಷ್ಟು ಕಠಿಣವೆಂಬುದು ಪುಸ್ತಕ ಬರೆದವರಿಗೆ ಗೊತ್ತು. ದಿನವಿಡೀ ಮೂವತ್ತು ಓವರ್ ಹಾಕಿ ಬೆರಳು ಸವೆದವನು ಮರುದಿನ ಏಳನೆಯ ಕ್ರಮಾಂಕದಲ್ಲಿ ಹೊಸ ಚೆಂಡನ್ನು ಎದುರಿಸಬೇಕು, ಅದೂ ಪಂದ್ಯದ ಮೇಲೆ ಪಂದ್ಯ. ಆ ವರ್ಷ ಕರ್ನಾಟಕ ಚಾಂಪಿಯನ್ ಆಯಿತು. ಆಮೇಲೆ 1997-98ರಲ್ಲಿ, 1998-99ರಲ್ಲಿ ಮತ್ತೆ ಆಯಿತು. 1996ರ ಇಂಗ್ಲೆಂಡ್ ಪ್ರವಾಸಕ್ಕೆ ಜೋಶಿಯವರಿಗೆ ಟಿಕೆಟ್ ಕೊಡಿಸಿದ್ದು ಆ ಮೊದಲ ಋತುವಿನ ಲೆಕ್ಕವೇ. ಪ್ರಥಮ ದರ್ಜೆಯ ಒಟ್ಟು ಲೆಕ್ಕ 160 ಪಂದ್ಯ, 615 ವಿಕೆಟ್, 5129 ರನ್. ಐದು ಸಾವಿರ ರನ್ ಗಳಿಸಿದವರನ್ನು ಬೌಲರ್ ಎಂದಷ್ಟೇ ಬರೆದರೆ ಪುಸ್ತಕಕ್ಕೆ ಅಪಚಾರವಾಗುತ್ತದೆ.

ಈ ಎರಡು ಮಟ್ಟಗಳ ನಡುವಿನ ಅಂತರವನ್ನು ನಾನು ಒಂದೇ ಪಂದ್ಯದಲ್ಲಿ ಕಂಡೆ. 1999ರ ಜನವರಿಯಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನದ ವಿರುದ್ಧ ನಡೆದ ಟೆಸ್ಟ್ ಅದು. ನಮ್ಮ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಜೋಶಿ. ಗೆಲ್ಲಲು 271 ಬೇಕಿತ್ತು. 136 ರನ್ ಗಳಿಸಿ ಸಚಿನ್ ಔಟಾದಾಗ ಮೊತ್ತ 254, ಕೈಯಲ್ಲಿ ಮೂರು ವಿಕೆಟ್, ಬೇಕಾಗಿದ್ದದ್ದು 17 ರನ್. ಎರಡೂ ಬಲ್ಲ ಆಟಗಾರನ ಎರಡನೆಯ ವಿದ್ಯೆಗೆ ಇದಕ್ಕಿಂತ ನೇರವಾದ ಕರೆ ಬರಲಾರದು. ಜೋಶಿ ಎಂಟು ರನ್ನಿಗೆ ಸಕ್ಲೇನ್ ಮುಷ್ತಾಕ್‌ಗೇ ಕ್ಯಾಚ್ ಕೊಟ್ಟು ಹೊರನಡೆದರು, ಭಾರತ 258ಕ್ಕೆ ಮುಗಿದು 12 ರನ್ನಿನಿಂದ ಸೋತಿತು. ಅದಕ್ಕೆ ಅವರೊಬ್ಬರನ್ನೇ ದೂರುವುದು ಅನ್ಯಾಯ, ಏಕೆಂದರೆ ಮೂರೂ ವಿಕೆಟ್ ನಾಲ್ಕು ರನ್ನಿನೊಳಗೆ ಬಿದ್ದವು. ಮುಂದಿನ ವಾರ ದೆಹಲಿಯಲ್ಲಿ ಜೋಶಿಯವರ ಜಾಗದಲ್ಲಿ ಹರಭಜನ್ ಇದ್ದರು. ಆ ಪಂದ್ಯದಲ್ಲಿ ಕುಂಬ್ಳೆ ಹತ್ತಕ್ಕೆ ಹತ್ತು ವಿಕೆಟ್ ಪಡೆದಿದ್ದರಿಂದ ಎರಡನೆಯ ಸ್ಪಿನ್ನರ್ ಯಾರೆಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕುಮಟಾದ ನಿವೃತ್ತ ಮಾಸ್ತರ್:

ಸ್ಕೋರರ್ ಮಹಾಶಯರ ಲೆಕ್ಕ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಹದಿನೈದು ಟೆಸ್ಟುಗಳ ಸರಾಸರಿ ಎಂದರೆ ಹದಿನೈದು ದಿನದ ಮಳೆ ಅಳೆದು ಇಡೀ ಮಳೆಗಾಲದ ಲೆಕ್ಕ ಹೇಳಿದಂತೆ. ಅಷ್ಟು ಚಿಕ್ಕ ಅವಧಿಯಲ್ಲಿ ಒಬ್ಬನಿಗೆ ಏನು ಸಾಧ್ಯವಿತ್ತು ಎಂಬುದನ್ನು ಅವನ ಒಳ್ಳೆಯ ದಿನಗಳಿಂದಲೂ ಅಳೆಯಬೇಕಾಗುತ್ತದೆ.

2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿತು. ಸೌರವ್ ಗಂಗೂಲಿಯವರಿಗೂ ಟೆಸ್ಟ್ ನಾಯಕರಾಗಿ ಅದೇ ಮೊದಲ ಪಂದ್ಯ. ಹೊಸಬರು ಇನ್ನೂರಕ್ಕೆ ಮುಗಿಯುತ್ತಾರೆ ಎಂದುಕೊಂಡಿದ್ದ ನಮ್ಮ ಎದುರು ಅಮಿನುಲ್ ಇಸ್ಲಾಂ 145 ರನ್ ಹೊಡೆದರು, ಮೊತ್ತ 400ಕ್ಕೆ ಹೋಯಿತು. ಜೋಶಿ 142 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಆಮೇಲೆ ಬ್ಯಾಟ್ ಹಿಡಿದು ಬಂದು 92 ರನ್ ಗಳಿಸಿದರು. ಸಚಿನ್, ದ್ರಾವಿಡ್, ಗಂಗೂಲಿ ಎಲ್ಲರೂ ಇದ್ದ ಆ ಇನಿಂಗ್ಸಿನಲ್ಲಿ ಅದೇ ಅತಿ ಹೆಚ್ಚಿನ ಮೊತ್ತ, ಗಂಗೂಲಿಯವರ 84 ಅದರ ಹಿಂದಿನದು. ಭಾರತ ಗಳಿಸಿದ್ದು 429, ಅಂದರೆ ಮುನ್ನಡೆ 29 ರನ್ ಮಾತ್ರ. ಜೋಶಿಯವರ 92ನ್ನು ಅದರಿಂದ ತೆಗೆದರೆ, ಟೆಸ್ಟ್ ಲೋಕಕ್ಕೆ ಕಾಲಿಟ್ಟ ದಿನವೇ ಬಾಂಗ್ಲಾದೇಶಕ್ಕೆ ನಮ್ಮ ಮೇಲೆ ಮುನ್ನಡೆ ಸಿಗುತ್ತಿತ್ತು! ಎರಡನೆಯ ಇನಿಂಗ್ಸಿನಲ್ಲಿ ಮತ್ತೆ ಮೂರು ವಿಕೆಟ್ ಅವರಿಗೇ ಬಂದವು. ಬಾಂಗ್ಲಾದೇಶ 91ಕ್ಕೆ ಕುಸಿದು ಭಾರತ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಜೋಶಿಯವರದಾಯಿತು. ಒಂದೇ ಪಂದ್ಯದಲ್ಲಿ ಎಂಟು ವಿಕೆಟ್ ಮತ್ತು ತಂಡದ ಅತಿ ಹೆಚ್ಚಿನ ಮೊತ್ತ ಒಟ್ಟಿಗೆ ಬಂದರೆ ಅದಕ್ಕೆ ಆಲ್‌ರೌಂಡ್ ಆಟ ಎನ್ನದೆ ಬೇರೆ ಹೆಸರಿದೆಯೇ?

ಅದಾದ ಮೇಲೆ ನಡೆದದ್ದನ್ನೂ ನೋಡಿ. ಅದೇ ತಿಂಗಳ ಜಿಂಬಾಬ್ವೆ ಸರಣಿಯೇ ಅವರ ಕೊನೆಯ ಟೆಸ್ಟ್ ಸರಣಿ. ಮೂರು ತಿಂಗಳ ನಂತರ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ಮುಂಬೈಯಲ್ಲಿ ರಾಹುಲ್ ಸಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನಿಲೇಶ್ ಕುಲಕರ್ಣಿ. ಮೂರು ಟೆಸ್ಟಿಗೆ ಮೂವರು ಬೇರೆ ಬೇರೆ ಎಡಗೈ ಸ್ಪಿನ್ನರ್‌ಗಳು ಆಡಿದರು, ಮೂವರಲ್ಲಿ ಜೋಶಿ ಇರಲಿಲ್ಲ. ಹರಭಜನ್ ಒಬ್ಬರೇ 32 ವಿಕೆಟ್ ಪಡೆದು ಸರಣಿಯನ್ನು ಗೆಲ್ಲಿಸಿದ್ದರಿಂದ ಆ ಇನ್ನೊಂದು ಜಾಗದ ಮಾತು ಮತ್ತೊಮ್ಮೆ ಮುಚ್ಚಿಹೋಯಿತು. ನನಗಂತೂ ಆ ಬೇಸರ ಇನ್ನೂ ಹೋಗಿಲ್ಲ. ಎರಡು ವಿದ್ಯೆ ಬಲ್ಲವನನ್ನು ಎರಡರಲ್ಲೂ ಎರಡನೆಯವನೆಂದೇ ಎಣಿಸುವ ರೂಢಿ ನಮ್ಮಲ್ಲಿದೆ, ತೋಟಿಗರ ಮಗನ ಅರ್ಜಿಯ ಮೇಲೆ ಬಿದ್ದ ಗೀಟೂ ಅದೇ ರೂಢಿಯದು.

ಇನ್ನು ಕೀನ್ಯದ ನೈರೋಬಿ. 1999ರ ಸೆಪ್ಟೆಂಬರ್ 26ರಂದು ದಕ್ಷಿಣ ಆಫ್ರಿಕದ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರು ಹಾಕಿದ ಹತ್ತು ಓವರುಗಳ ಲೆಕ್ಕವನ್ನು ನಾನು ಶಾಲೆಯಲ್ಲಿ ಗಣಿತ ಕಲಿಸುವಾಗ ಕಪ್ಪು ಹಲಗೆಯ ಮೇಲೆ ಬರೆದಿದ್ದೆ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ರನ್ನೇ ಬರದ ಆ ಆರು ಮೇಡನ್ ಕಳೆದರೆ ಉಳಿಯುವುದು ನಾಲ್ಕು ಓವರ್, ಬಿಟ್ಟುಕೊಟ್ಟ ಆರೂ ರನ್ ಆ ನಾಲ್ಕು ಓವರುಗಳಲ್ಲೇ ಬಂದಿರಬೇಕು. ಹಾಗಾದರೆ ಅರವತ್ತು ಚೆಂಡುಗಳಲ್ಲಿ ಕನಿಷ್ಠ ಎಷ್ಟಕ್ಕೆ ರನ್ ಬಂದಿಲ್ಲ ಎಂದು ಕೇಳಿದರೆ, ಹಿಂದಿನ ಬೆಂಚಿನ ಹುಡುಗರೂ ಐವತ್ನಾಲ್ಕು ಎಂದು ಕೂಗುತ್ತಿದ್ದರು. ಎದುರು ಇದ್ದವರು ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್. ತಂಡ 117ಕ್ಕೆ ಆಲೌಟಾಯಿತು. ಇದಕ್ಕೆ ಮೂರು ತಿಂಗಳ ಹಿಂದಷ್ಟೇ ಮುಗಿದಿದ್ದ ವಿಶ್ವಕಪ್‌ಗೆ ಇದೇ ಬೌಲರ್ ಆಯ್ಕೆಯಾಗಿರಲಿಲ್ಲ.

ಕಾರವಾರದ ಹಳೆಯ ಸ್ಕೋರರ್:

ಮಾಸ್ತರೇ, ನೈರೋಬಿ ನಿಮ್ಮ ವಾದಕ್ಕಲ್ಲ, ನನ್ನ ವಾದಕ್ಕೇ ಸಾಕ್ಷಿ. ಅದು ಬೌಲರನ ಪುಟ. ಢಾಕಾದ ವಿಷಯ ಒಪ್ಪುತ್ತೇನೆ. ಆದರೆ 2001ರ ಮೂವರು ಎಡಗೈಯವರ ಬಗ್ಗೆ ಒಂದು ಎಚ್ಚರಿಕೆ: ಯಾರು ಆಡಿದರೆಂಬುದು ಸ್ಕೋರ್ ಪುಸ್ತಕದಲ್ಲಿ ಸಿಗುತ್ತದೆ, ಯಾರನ್ನು ಏಕೆ ಬಿಟ್ಟರೆಂಬುದು ಸಿಗುವುದಿಲ್ಲ. ನಿಮ್ಮ ಬೇಸರಕ್ಕೆ ನನ್ನ ಸಹಾನುಭೂತಿಯಿದೆ, ಪುರಾವೆಯಿಲ್ಲ.

ಹೊನ್ನಾವರದಿಂದ:

ಈ ಮಾತಿನಲ್ಲಿ ರೋಜರ್ ಬಿನ್ನಿಯವರನ್ನು ಬಿಟ್ಟದ್ದು ಸರಿಯಲ್ಲ. ಕರ್ನಾಟಕಕ್ಕೆ ಅವರು ಆರಂಭಿಕ ಬ್ಯಾಟ್ಸ್‌ಮನ್. 1977-78ರಲ್ಲಿ ಕೇರಳದ ವಿರುದ್ಧ ಚಿಕ್ಕಮಗಳೂರಿನಲ್ಲಿ ಸಂಜಯ್ ದೇಸಾಯಿ ಮತ್ತು ಬಿನ್ನಿ ಔಟಾಗದೆ 451 ರನ್ ಸೇರಿಸಿದಾಗ ಅದರಲ್ಲಿ ಬಿನ್ನಿಯವರದು 211. ಅದೇ ಬಿನ್ನಿ 1983ರ ವಿಶ್ವಕಪ್‌ನಲ್ಲಿ ಚೆಂಡು ಹಿಡಿದು 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಜಿಂಬಾಬ್ವೆ ವಿರುದ್ಧ ಕಪಿಲ್ ಹೊಡೆದ 175 ಎಲ್ಲರ ಬಾಯಲ್ಲೂ ಇದೆ, ಆದರೆ 17ಕ್ಕೆ ಐದು ವಿಕೆಟ್ ಬಿದ್ದಾಗ ಕಪಿಲ್ ಜೊತೆ ನಿಂತು ಅರವತ್ತು ರನ್ ಸೇರಿಸಿದ್ದು ಬಿನ್ನಿ, ಅವರ ಪಾಲು 22. ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಎದುರು 85ಕ್ಕೆ ಆರು ಬಿದ್ದಿದ್ದಾಗ ಮದನ್ ಲಾಲ್ ಜೊತೆಗೂಡಿ ಅಜೇಯ 83 ಗಳಿಸಿದರು. ಆದರೂ ಟೆಸ್ಟ್ ಸರಾಸರಿಗಳು 23 ಮತ್ತು 32, ಸ್ಕೋರರ್ ಅವರ ಒರಟು ಅಳತೆಯಲ್ಲಿ ಅವರೂ ನಪಾಸು. ಬಿನ್ನಿ ನಪಾಸಾಗುವ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನೇ ಮೊದಲು ಪರಿಶೀಲಿಸಬೇಕು.

ಜೋಶಿಯವರ ನೈರೋಬಿಯ ಅದೇ ಸರಣಿಯಲ್ಲಿ ಸರಣಿಶ್ರೇಷ್ಠರಾದದ್ದು ಕರ್ನಾಟಕದ ಇನ್ನೊಬ್ಬ ಆಲ್‌ರೌಂಡರ್ ವಿಜಯ್ ಭಾರದ್ವಾಜ್, ಅದೂ ಅವರ ಮೊದಲ ಸರಣಿಯಲ್ಲೇ. ಅವರಿಗೆ ಮುಂದೆ ಸಿಕ್ಕಿದ್ದು ಮೂರು ಟೆಸ್ಟ್ ಮಾತ್ರ.

ಯಲ್ಲಾಪುರದ ಎಡಗೈ:

ತೋಟಿಗರು ಕೇಳಿದ್ದು ಹುಡುಗನ ವಿಷಯ, ನಾವು ದೊಡ್ಡವರ ಸರಾಸರಿಯಲ್ಲಿ ಮುಳುಗಿದ್ದೇವೆ. ಜಿಲ್ಲೆಯ ಪಂದ್ಯಗಳಲ್ಲಿ ನಾನೂ ಎಡಗೈ ಸ್ಪಿನ್ ಹಾಕಿದವನು, ಅದರ ಮೇಲೆ ಮುಂದೆ ಹೋಗಲಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೆಚ್ಚಿನ ಹುಡುಗರು ಕಲಿಯುವುದು ತೆಂಗಿನ ನಾರಿನ ಮ್ಯಾಟ್ ಮೇಲೆ. ಕೆಂಪು ಮಣ್ಣನ್ನು ತಟ್ಟಿ, ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಹೊಡೆದು ಬಿಗಿದರೆ ಪಿಚ್ ಸಿದ್ಧ. ಅದರ ಮೇಲೆ ಎಡಗೈ ಸ್ಪಿನ್ನರನಿಗೆ ಹಬ್ಬ. ಚೆಂಡು ನಾರನ್ನು ಕಚ್ಚಿ ತಿರುಗುತ್ತದೆ, ಎದೆಮಟ್ಟಕ್ಕೆ ಪುಟಿಯುತ್ತದೆ. ಹದಿನಾಲ್ಕರಲ್ಲಿ ನಾನು ಒಂದು ಪಂದ್ಯದಲ್ಲಿ ಏಳು ವಿಕೆಟ್ ಪಡೆದಿದ್ದೆ, ಫ್ಲೈಟ್ ಎಂದರೆ ಏನೆಂದು ಗೊತ್ತಿಲ್ಲದೆ. ಹುಬ್ಬಳ್ಳಿಯ ಟರ್ಫ್, ಅಂದರೆ ಹುಲ್ಲು-ಮಣ್ಣಿನ ಪಿಚ್ ಮೇಲೆ ಮೊದಲ ಸಲ ಹಾಕಿದಾಗ ಅದೇ ಚೆಂಡು ತಿರುಗದೆ, ಪುಟಿಯದೆ, ನೇರವಾಗಿ ಬ್ಯಾಟಿನ ಮಧ್ಯಕ್ಕೆ ಹೋಯಿತು. ಟರ್ಫ್ ಮೇಲೆ ಚೆಂಡನ್ನು ಬ್ಯಾಟ್ಸ್‌ಮನ್ನನ ಕಣ್ಣಿಗಿಂತ ಮೇಲಕ್ಕೆ ಎತ್ತಿ ಅವನು ಅಂದುಕೊಂಡದ್ದಕ್ಕಿಂತ ಒಂದು ಮೊಳ ಮೊದಲು ಬೀಳಿಸಬೇಕು. ನಾಲ್ಕು ಚೆಂಡು ಹೊರಗೆ ತಿರುಗಿಸಿ, ಐದನೆಯದನ್ನು ತಿರುಗಿಸದೆ ಒಳಕ್ಕೆ ಬಿಡಬೇಕು. ಇದು ಗೊತ್ತಾಗುವುದು ಎದುರು ನಿಂತು ಆಡಿದವನಿಗೆ. ಯಾವ ಲೆಂಗ್ತ್‌ಗೆ (ಚೆಂಡು ನೆಲಕ್ಕೆ ಬೀಳುವ ದೂರಕ್ಕೆ) ಕಾಲು ಮುಂದಿಡಬೇಕೋ ಹಿಂದಿಡಬೇಕೋ ಎಂದು ತನಗೇ ಗೊಂದಲವಾಗಿದೆಯೋ, ಆ ಲೆಂಗ್ತನ್ನೇ ಅವನು ಮರುದಿನ ಹಾಕುತ್ತಾನೆ. ನಾನು ಹದಿನೈದಕ್ಕೆ ಬ್ಯಾಟ್ ಬಿಟ್ಟೆ, ಆ ಗೊಂದಲದ ಪರಿಚಯವೇ ನನಗೆ ಆಗಲಿಲ್ಲ.

ಬ್ಯಾಟಿಂಗಿನ ಮಾತೂ ಹಾಗೆಯೇ. ಮ್ಯಾಟ್ ಮೇಲೆ ಹಿಂದಡಿಯಲ್ಲಿ ನಿಂತು ಕಟ್, ಪುಲ್ ಹೊಡೆಯುವುದನ್ನು ಮಕ್ಕಳು ತಾವಾಗಿ ಕಲಿಯುತ್ತಾರೆ, ಮುಂದಡಿ ಇಟ್ಟು ಆಡುವುದನ್ನು ಕಲಿಯುವುದಿಲ್ಲ. ಹದಿನಾಲ್ಕಕ್ಕೆ ನಿಲ್ಲಿಸಿದರೆ ಹದಿನಾರಕ್ಕೆ ಮತ್ತೆ ತೊಡಗಿದಾಗ ಉಳಿದಿರುವುದು ಆ ಕಟ್ ಮತ್ತು ಪುಲ್ ಮಾತ್ರ. ಆದ್ದರಿಂದ ಅರ್ಜಿಯಲ್ಲಿ ಬೌಲಿಂಗ್ ಎಂದೇ ಬರೆಯಲಿ, ಅದರಿಂದ ನಷ್ಟವಿಲ್ಲ. ಜೋಶಿಯವರ ಹೆಸರು ಪಟ್ಟಿಗೆ ಮೊದಲು ಸೇರಿದ್ದೂ ಬೌಲಿಂಗಿನಿಂದಲೇ ಇರಬೇಕು. ಆದರೆ ನೆಟ್ಸ್‌ನಲ್ಲಿ ಬ್ಯಾಟ್ ಬಿಡಿಸಬೇಡಿ.

ಗದಗಿನ ಹುಡುಗ ಜೋಶಿ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದ ಕಥೆಯನ್ನು ಎಲ್ಲರೂ ಹೇಳುತ್ತೇವೆ. ಗದಗಿಗೆ ರೈಲು ಇತ್ತು, ದೂರ ಅರವತ್ತು ಕಿಲೋಮೀಟರ್ ಆಸುಪಾಸು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಅದೂ ಬಸ್ಸು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಕೇಳುತ್ತ ನನ್ನ ತಲೆ ನರೆತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಕ್ಕೆ ಇಳಿಯುವ ಹಾಗಿಲ್ಲ, ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಕೈ ಸಾಲದು. ಹಾಗಿರುವಾಗ ವರ್ಷದಲ್ಲಿ ಸಿಗುವ ಐದಾರು ತಿಂಗಳಲ್ಲಿ ಎರಡು ವಿದ್ಯೆ ಹೇಗೆಂದು ಕಲಿಸುವವರು ಕೇಳಿದರೆ, ಆ ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಕುಮಟಾದ ನಿವೃತ್ತ ಮಾಸ್ತರ್:

ಯಲ್ಲಾಪುರದವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಆಟ ಬಿಟ್ಟ ಮೇಲೆ ಜೋಶಿಯವರು ಒಮಾನ್, ಬಾಂಗ್ಲಾದೇಶ ತಂಡಗಳಿಗೆ ಸ್ಪಿನ್ ಕಲಿಸಿದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಹಾಗೆ ನೋಡಿದರೆ ತೋಟಿಗರ ಮಗ ಕಂಡ ಆ ಮೇಜಿನ ಎರಡೂ ಬದಿಯಲ್ಲಿ ಕುಳಿತವರು ಅವರು. ಸ್ಕೋರರ್ ಮಹಾಶಯರು ಇದಕ್ಕೆ ಯಾವ ಸರಾಸರಿ ಹಾಕುತ್ತಾರೋ ತಿಳಿಯದು.

ಶಿರಸಿಯ ತೋಟಿಗ:

ಎಲ್ಲರಿಗೂ ಋಣಿಯಾಗಿದ್ದೇನೆ. ಜೋಶಿಯವರ ಉದಾಹರಣೆಯನ್ನು ನಾನು ಅರ್ಧವಷ್ಟೇ ತಿಳಿದು ಹೇಳುತ್ತಿದ್ದೆ ಎಂದು ಗೊತ್ತಾಯಿತು. ಢಾಕಾದ 92 ನೆನಪಿತ್ತು, ಚೆನ್ನೈಯ 8 ನೆನಪಿರಲಿಲ್ಲ. ನಿನ್ನೆ ಸಂಜೆ ಕಲಿಸುವವರ ಹತ್ತಿರ ಯಲ್ಲಾಪುರದವರು ಬರೆದದ್ದನ್ನು ಓದಿ ಹೇಳಿದೆ. ಗೊಂದಲವಾಗುವ ಲೆಂಗ್ತ್‌ನ ಮಾತಿಗೆ ಅವರು ತಲೆದೂಗಿದರು. ಬೌಲಿಂಗ್ ಮುಗಿದ ಮೇಲೆ ಕೊನೆಯ ಇಪ್ಪತ್ತು ನಿಮಿಷ ಮಾಣಿ ಪ್ಯಾಡ್ ಕಟ್ಟಲಿ, ಮುಂದಡಿ ಆಟವನ್ನಷ್ಟೇ ಆಡಲಿ ಎಂದು ಒಪ್ಪಿದ್ದಾರೆ. ಮುಂದಿನ ಅರ್ಜಿಯಲ್ಲಿ ಬೌಲಿಂಗಿಗೇ ಗುರುತು ಹಾಕುತ್ತೇನೆಂದು ಮಾಣಿಯೂ ಹೇಳಿದ, ಸ್ವಲ್ಪ ಮುಖ ಊದಿಸಿಕೊಂಡು.

ಒಂದು ಚಿಕ್ಕ ತೊಡಕು ಉಳಿದಿದೆ. ತಂಡದ ಕಿಟ್‌ನಲ್ಲಿ ಇರುವ ಗ್ಲೌಸ್ ಎಲ್ಲವೂ ಬಲಗೈ ಬ್ಯಾಟ್ಸ್‌ಮನ್‌ಗಳವು. ಅದನ್ನೇ ತೊಟ್ಟು ಆಡಿ ಎಡಗೈಯ ತೋರುಬೆರಳಿಗೆ ಎರಡು ಸಲ ಪೆಟ್ಟು ಮಾಡಿಕೊಂಡಿದ್ದಾನೆ, ಚೆಂಡು ತಿರುಗಿಸುವುದೂ ಅದೇ ಬೆರಳು. ಹುಡುಗರ ಅಳತೆಯ ಎಡಗೈ ಗ್ಲೌಸ್ ಶಿರಸಿಯಲ್ಲಿ ಕೇಳಿದೆ, ಇಲ್ಲ. ಕುಮಟಾದಲ್ಲೋ ಕಾರವಾರದಲ್ಲೋ ಸಿಗುವುದಾದರೆ ತಿಳಿಸಿ. ಇಲ್ಲವಾದರೆ ಭಾನುವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಡುತ್ತೇವೆ.